ಮಗು ಯಾವ ಶನಿವಾರ ಯಾರ ಮನೆಯಲ್ಲಿ?

2013ರಲ್ಲಿ ಕರ್ನಾಟಕ ಹೈಕೋರ್ಟು ಹುಡುಗನೊಬ್ಬನ ವರ್ಷವನ್ನೇ ಎರಡು ಪಾಲು ಮಾಡಿತು: ಜನವರಿಯಿಂದ ಜೂನ್‌ವರೆಗೆ ಅಪ್ಪನ ಬಳಿ, ಜುಲೈನಿಂದ ಡಿಸೆಂಬರ್‌ವರೆಗೆ ಅಮ್ಮನ ಬಳಿ. ಓದಿನ ಖರ್ಚು ಇಬ್ಬರದೂ ಸಮಪಾಲು. ಜಂಟಿ ಪಾಲನೆಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ. ಕಾನೂನು ಆಯೋಗ 2015ರಲ್ಲಿ ಶಿಫಾರಸು ಮಾಡಿತ್ತು, ಅಷ್ಟೆ. ಆದರೂ ಬೇರೆಯಾಗುವ ತಂದೆ-ತಾಯಿ ಕೂತು ಮಾತಾಡಿ ಬರೆದುಕೊಟ್ಟದ್ದು ಮಗುವಿನ ಹಿತಕ್ಕೆ ಒಗ್ಗಿದರೆ ಕೌಟುಂಬಿಕ ನ್ಯಾಯಾಲಯ ಒಪ್ಪುತ್ತದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಹೇಳುವುದರಿಂದ, ಹಸುಗೂಸನ್ನು ತಿಂಗಳಿಗೊಂದು ಮನೆಗೆ ಸಾಗಿಸುವ ಒಪ್ಪಂದಕ್ಕೆ ನ್ಯಾಯಾಧೀಶರು ಹುಬ್ಬೇರಿಸಬಹುದು.

ಒಪ್ಪಂದಗಳು ಮುರಿಯುವುದು ಹೆಚ್ಚಾಗಿ ಒಂದೇ ವಾಕ್ಯದಲ್ಲಿ: 'ಪರಸ್ಪರ ಅನುಕೂಲದಂತೆ ತಂದೆ ಮಗುವನ್ನು ಭೇಟಿ ಮಾಡಬಹುದು.' ಅನುಕೂಲ ಇಬ್ಬರಿಗೂ ಒಂದೇ ದಿನ ಬರುವಂತಿದ್ದರೆ ಕೋರ್ಟಿನ ಮೆಟ್ಟಿಲೇಕೆ ಹತ್ತಬೇಕಿತ್ತು? ಹೀಗೆ ಬರೆಸಿ: 'ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಗ್ಗೆ 10ಕ್ಕೆ ತಂದೆ ಮಗುವನ್ನು ಅಜ್ಜಿಯ ಮನೆಯಿಂದ ಕರೆದೊಯ್ದು, ಭಾನುವಾರ ಸಂಜೆ 6ಕ್ಕೆ ಅಲ್ಲೇ ಬಿಡತಕ್ಕದ್ದು.' ಮಗುವಿಗೆ ಜ್ವರ ಬಂದು ಭೇಟಿ ತಪ್ಪಿದರೆ ಬದಲಿ ದಿನ ಯಾವುದು, ಅದೂ ಇರಲಿ. ದಸರಾ ರಜೆ, ಬೇಸಿಗೆ ರಜೆ, ಯುಗಾದಿ, ಹುಟ್ಟುಹಬ್ಬ ಈ ವರ್ಷ ಯಾರಿಗೆ, ಮುಂದಿನ ವರ್ಷ ಯಾರಿಗೆ ಎಂದು ಈಗಲೇ ಹಂಚಿಕೊಳ್ಳಿ.

ದುಡ್ಡಿನ ವಿಷಯಕ್ಕೆ ನಾಚಿಕೆ ಬೇಡ. ಶಾಲೆ ಫೀಸು, ವ್ಯಾನು, ಟ್ಯೂಷನ್, ಆಸ್ಪತ್ರೆ: ಮೊದಲು ಯಾರು ಕಟ್ಟುವುದು, ಉಳಿದರ್ಧ ಎಷ್ಟು ದಿನದಲ್ಲಿ ಕೊಡುವುದು? ಬೇಗ ವಿಚ್ಛೇದನ ಸಿಗಲೆಂದು 'ಮಗುವಿಗೆ ಜೀವನಾಂಶ ಬೇಡ' ಎಂದು ಬರೆದುಕೊಡುವ ತಾಯಂದಿರಿದ್ದಾರೆ. ಅದು ಮಗುವಿನ ಹಕ್ಕು, ಬಿಟ್ಟುಕೊಡಲು ಅವರದಲ್ಲ. ಶಾಲೆಯ ದಾಖಲೆಯಲ್ಲಿ ಇಬ್ಬರ ಫೋನ್ ನಂಬರೂ ಇರಲಿ. ಪಾಸ್‌ಪೋರ್ಟು, ಊರು ಬದಲಾವಣೆ, ವಿದೇಶ ಪ್ರಯಾಣಕ್ಕೆ ಇನ್ನೊಬ್ಬರ ಲಿಖಿತ ಒಪ್ಪಿಗೆ ಬೇಕೆಂದೂ ಸೇರಿಸಿ.

ಮಾತು ಬಗೆಹರಿಯದಿದ್ದರೆ ಮಧ್ಯಸ್ಥಿಕೆ ಕೇಂದ್ರವಿದೆ. ಬೆಂಗಳೂರಿನಲ್ಲಿ ಅದು ನ್ಯಾಯದೇಗುಲ ಕಟ್ಟಡದಲ್ಲಿದೆ. ಛಾಪಾ ಕಾಗದದ ಮೇಲೆ ನೋಟರಿ ಸಹಿ ಹಾಕಿಸಿ ಬೀರುವಿನಲ್ಲಿಟ್ಟರೆ ಸಾಲದು. ಹಿಂದೂ ವಿವಾಹ ಕಾಯ್ದೆಯ 13ಬಿ ಅಡಿಯ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಜಂಟಿ ಅರ್ಜಿಯ ಜತೆ ಸಲ್ಲಿಸಿ, ಷರತ್ತುಗಳು ಡಿಕ್ರಿಯಲ್ಲೇ ಸೇರುವಂತೆ ವಕೀಲರಿಗೆ ಹೇಳಿ. ಆಗ ಯಾರಾದರೂ ಮಾತು ತಪ್ಪಿದರೆ ಜಾರಿ ಅರ್ಜಿ ಹಾಕಬಹುದು. ಮಗು ಬೆಳೆದು ಶಾಲೆ, ಊರು ಬದಲಾದಾಗ ಅದೇ ಕಾಯ್ದೆಯ 26ನೇ ಕಲಮಿನಡಿ ಪಾಲನೆಯ ಷರತ್ತುಗಳನ್ನು ತಿದ್ದಿಸಿಕೊಳ್ಳಲೂ ಅವಕಾಶವಿದೆ.