ಗಿಡಕ್ಕೊಂದು ಮಳೆ ಡ್ರಮ್
2024ರ ಮಾರ್ಚ್ ನೆನಪಿದೆಯಾ? ಬೆಂಗಳೂರಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದರು. ನಮ್ಮನೆ ಕರಿಬೇವು ಒಣಗಿದ್ದು ಆಗಲೇ.

ಲೆಕ್ಕ ಸುಲಭ: ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 20 ಚದರ ಮೀಟರ್ ತಾರಸಿಗೆ 10 ಮಿ.ಮೀ. ಬಿದ್ದರೆ 200 ಲೀಟರ್ ಡ್ರಮ್ ಹೆಚ್ಚುಕಮ್ಮಿ ತುಂಬುತ್ತೆ.

ತಾರಸಿ ಪೈಪ್ ಕೆಳಗೆ, ಗಟ್ಟಿ ನೆಲದಲ್ಲಿ ಇಟ್ಟಿಗೆ ಜೋಡಿಸಿ ಡ್ರಮ್ ಕೂರಿಸಿ. ತುಂಬಿದರೆ 200 ಕೆ.ಜಿ. ದಾಟುತ್ತೆ, ಬಾಲ್ಕನಿಯಲ್ಲಿ ಬೇಡ. ಬುಡಕ್ಕೆ ನಲ್ಲಿ, ಮೇಲೆ ಹೆಚ್ಚಾದ ನೀರು ಹೋಗೋಕೆ ಪೈಪ್ ಇರಲಿ. ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿಯಾಗಿ ಕಟ್ಟಿ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಇಂಥ ನಿಂತ ನೀರಲ್ಲೇ. ಮೊದಲ ಮಳೆಯ ಕೊಳೆ ಹರಿದುಹೋಗಲಿ.

ಒಂದು ಡ್ರಮ್ ಬೇಸಿಗೆ ದಾಟಿಸಲ್ಲ, ನಿಜ. ಆದರೆ ದಿನಕ್ಕೆ 10 ಲೀಟರ್‌ನಂತೆ 20 ದಿನ ಗಿಡ ಉಳಿಸುತ್ತೆ.