ಕರುಳಿನೊಳಗಿನ ತಡೆಬಾಗಿಲು

ಗೌರಿಬಿದನೂರು ಸೀಮೆಯಲ್ಲಿ ತೆರೆದ ಬಾವಿಗಳಿಗೆ ಪಂಪ್ ಇಳಿಸುತ್ತಿದ್ದ ಕಾಲವನ್ನು ನಿಮ್ಮ ಮನೆಯ ಹಿರಿಯರು ಕಂಡಿರಬಹುದು. ಪೈಪಿನ ತಳದಲ್ಲಿ ಫುಟ್‌ವಾಲ್ವ್ ಏಕೆ ಬೇಕೆಂದು ಕುಡುಮಲಕುಂಟೆಯ ಹಳೆಯ ರೈತರೊಬ್ಬರನ್ನು ಕೇಳಿ ನೋಡಿ. ಅದಿಲ್ಲದಿದ್ದರೆ ಮೋಟಾರು ನಿಂತೊಡನೆ ಏರಿದ ನೀರೆಲ್ಲ ಮತ್ತೆ ಬಾವಿಗೇ ಇಳಿದುಹೋಗುತ್ತದೆ. ನಮ್ಮ ಹೊಟ್ಟೆಯಲ್ಲೂ ಹೀಗೆ ಹಿಂದಕ್ಕೆ ಬಿಡದ ಒಂದು ಕವಾಟವಿದೆ. ಅದರ ಹೆಸರು ಇಲಿಯೋಸೀಕಲ್ ಕವಾಟ.

ಹೊಟ್ಟೆಯ ಕೆಳಭಾಗದಲ್ಲಿ, ಬಲಗಡೆ, ಸೊಂಟದ ಮೂಳೆಯ ಹತ್ತಿರ ಕೈ ಇಡಿ. ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳು ಮುಗಿಯುವುದು ಅಲ್ಲೇ. ಸುಮಾರು ಒಂದೂವರೆ ಮೀಟರಿನ ದೊಡ್ಡ ಕರುಳು ಆರಂಭವಾಗುವುದೂ ಅಲ್ಲೇ. ಇವೆರಡೂ ತುದಿಗೆ ತುದಿ ಸೇರಿಲ್ಲ. ಓಣಿ ಹೆದ್ದಾರಿಯನ್ನು ಸೇರುವಂತೆ ಸಣ್ಣ ಕರುಳು ಪಕ್ಕದಿಂದ ಬಂದು, ಎರಡು ತುಟಿಗಳಾಗಿ ದೊಡ್ಡ ಕರುಳಿನೊಳಕ್ಕೆ ಚಾಚಿಕೊಂಡಿದೆ. ದೊಡ್ಡ ಕರುಳಿನಲ್ಲಿ ಒತ್ತಡ ಹೆಚ್ಚಿದಾಗ ತುಟಿಗಳು ಒಂದನ್ನೊಂದು ಅಮರಿ ಮುಚ್ಚಿಕೊಳ್ಳುತ್ತವೆ. ಸುತ್ತಲಿನ ಸ್ನಾಯುವಿನ ಬಿಗಿತವೂ ಇದಕ್ಕೆ ನೆರವಾಗುತ್ತದೆ. ಕವಾಟದ ಕೆಳಗಿನ ಕುರುಡು ಚೀಲವೇ ಸೀಕಮ್; ಅದರಿಂದ ನೇತಾಡುವುದೇ ಅಪೆಂಡಿಕ್ಸ್.

ಇದಕ್ಕೆ ಬೌಹಿನ್ ಕವಾಟ ಎಂಬ ಹೆಸರೂ ಇದೆ. ಗಾಸ್ಪಾರ್ ಬೌಹಿನ್ (1560–1624) ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ವೈದ್ಯ, ಸಸ್ಯವಿಜ್ಞಾನಿ. ನಮ್ಮ ಮಂದಾರದ ಕುಲಕ್ಕೆ ಬೌಹಿನಿಯಾ ಎಂಬ ಹೆಸರು ಬಂದದ್ದು ಇವನಿಂದ ಮತ್ತು ಇವನ ಅಣ್ಣನಿಂದ. ಆ ಎಲೆಯೂ ಎರಡು ಸೀಳಿನದೇ!

ಈ ಕವಾಟದ ದೊಡ್ಡ ಕೆಲಸ ತಡೆದು ನಿಲ್ಲಿಸುವುದು. ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಮ್‌ನಲ್ಲಿ ಬಿ12 ಜೀವಸತ್ವವನ್ನೂ ಪಿತ್ತಲವಣಗಳನ್ನೂ ದೇಹ ಹೀರಿಕೊಳ್ಳಬೇಕು. ಅದಕ್ಕೆ ಸಮಯ ಬೇಕು. ಮುಂದಿನ ಊಟ ಜಠರಕ್ಕೆ ಬಿದ್ದಾಗ ಇಲಿಯಮ್ ಚುರುಕಾಗಿ, ಹಳೆಯ ಊಟದ ಶೇಷ ಸ್ವಲ್ಪ ಸ್ವಲ್ಪವಾಗಿ ದಾಟುತ್ತದೆ. ಹೀಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ದ್ರವ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ನೆಲೆಸಿವೆ. ಅವು ಗುಂಪುಗುಂಪಾಗಿ ಸಣ್ಣ ಕರುಳಿಗೆ ಹಿಂದಿರುಗದಂತೆ ತಡೆಯುವಲ್ಲಿಯೂ ಕವಾಟದ ಪಾಲಿದೆ.

ಆದರೆ ಆಹಾರಕ್ಕೆ ಸಿಗುವ ಈ ಬಿಡುವು ರೋಗಾಣುವಿಗೂ ಸಿಗುತ್ತದೆ. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುತ್ತದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಕರುಳಿಗೂ ಬರುತ್ತದೆ. ಕರುಳಿನ ಕ್ಷಯ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ಕವಾಟದ ಸುತ್ತಲೇ. ಅಲ್ಲಿ ಆಹಾರ ನಿಧಾನಿಸುತ್ತದೆ. ರೋಗಾಣು ಮನೆ ಮಾಡಿಕೊಳ್ಳುವ ದುಗ್ಧರಸ ಅಂಗಾಂಶವೂ ಅಲ್ಲಿ ದಟ್ಟವಾಗಿದೆ. ಕ್ಷಯವಿರುವವರು ನುಂಗಿದ ಕಫದಿಂದ, ಕೆಲವೊಮ್ಮೆ ಕಾಯಿಸದ ಹಾಲಿನಿಂದ ರೋಗಾಣು ಅಲ್ಲಿಗೆ ತಲುಪುತ್ತದೆ. ಹಸು ಕಟ್ಟಿರುವ ಮನೆಯವರು ಹಾಲನ್ನು ಉಕ್ಕುವಂತೆ ಕಾಯಿಸಿಯೇ ಕುಡಿಯಬೇಕು.

ಬಲಗಡೆ ಕೆಳಹೊಟ್ಟೆಯಲ್ಲಿ ಮತ್ತೆ ಮತ್ತೆ ನೋವು, ಸಂಜೆಯ ಜ್ವರ, ಇಳಿಯುತ್ತಿರುವ ತೂಕ. ಇವು ಕೂಡಿ ಬಂದರೆ ಗ್ಯಾಸ್ ಎಂದು ಮಾತ್ರೆ ನುಂಗಿ ದಿನ ತಳ್ಳಬೇಡಿ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲೇ ಆರಂಭವಾಯಿತು. ಅದರ ಅಧ್ಯಯನಗಳ ಆಧಾರದ ಮೇಲೆ 1962ರಲ್ಲಿ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡಿತು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಔಷಧಿ ಉಚಿತ. ಸಾಮಾನ್ಯವಾಗಿ ಆರು ತಿಂಗಳು, ಬಿಡದೆ ತೆಗೆದುಕೊಳ್ಳಬೇಕು. ತಡವಾದರೆ ಕವಾಟದ ಸುತ್ತ ಗಾಯದ ಕಲೆ ಕಟ್ಟಿ, ದಾರಿ ಕಿರಿದಾಗಿ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಹಾಗೆ ಇಲಿಯಮ್‌ನ ಕೊನೆಯ ಭಾಗವನ್ನು ಹೆಚ್ಚಾಗಿ ಕಳೆದುಕೊಂಡವರು ಬಿ12 ಅನ್ನು ಜೀವನವಿಡೀ ಇಂಜೆಕ್ಷನ್ ಮೂಲಕ ಪಡೆಯಬೇಕಾಗಿ ಬರುತ್ತದೆ.