ಗಿರಿಜನರ ಆರೋಗ್ಯವೂ ಸರಕಾರದ ದ್ರವ್ಯವೂ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿರುತ್ತದೆ. ವೈದ್ಯನು ಒಂದನೆಯ ಪಾದ, ಔಷಧದ್ರವ್ಯವು ಎರಡನೆಯದು, ಉಪಚಾರಕನು ಮೂರನೆಯವನು, ರೋಗಿಯೇ ನಾಲ್ಕನೆಯವನು. ಒಂದೊಂದು ಪಾದಕ್ಕೆ ನಾಲ್ಕು ನಾಲ್ಕು ಗುಣಗಳು. ಹೀಗೆ ಹದಿನಾರು ಗುಣಗಳು ಕೂಡಿದಲ್ಲಿ ಚಿಕಿತ್ಸೆಯು ಸಫಲವಾಗುವದೆಂದು ಆಚಾರ್ಯರ ಮತ. ವೈದ್ಯನಿಗೆ ಅವರು ಪ್ರಾಧಾನ್ಯವನ್ನು ಕೊಟ್ಟಿರುವದು ನಿಜವೇ. ಆದರೂ ರೋಗಿಯನ್ನು ಚಿಕಿತ್ಸೆಯ ಹೊರಗೆ ಬಿದ್ದ ಒಂದು ವಸ್ತುವೆಂದು ಎಣಿಸದೆ ಅದರ ಅಂಗವೆಂದೇ ಎಣಿಸಿದರು. ರೋಗಿಗೆ ಹೇಳಿದ ಗುಣಗಳಲ್ಲಿ ಎರಡು ನಮ್ಮ ಇಂದಿನ ವಿಷಯಕ್ಕೆ ಬಹು ಸಮೀಪವಾದವು. ಒಂದು ಅಭೀರುತ್ವ, ಎಂದರೆ ಅಂಜದಿರುವದು. ಇನ್ನೊಂದು ಜ್ಞಾಪಕತ್ವ, ಎಂದರೆ ತನ್ನ ಬೇನೆಯನ್ನು ವೈದ್ಯನಿಗೆ ತಿಳಿಯುವಂತೆ ಹೇಳಬಲ್ಲವನಾಗಿರುವದು.

ಈಗ ಕಾಡಿನೊಳಗಿನ ಒಂದು ಹಾಡಿಯಿಂದ ಹಸುಗೂಸನ್ನು ಬೆನ್ನಿಗೆ ಕಟ್ಟಿಕೊಂಡು ಪಟ್ಟಣದ ದವಾಖಾನೆಗೆ ಇಳಿದುಬಂದ ತಾಯಿಯೊಬ್ಬಳನ್ನು ವಾಚಕರು ಮನಸ್ಸಿನಲ್ಲಿ ತಂದುಕೊಳ್ಳಬೇಕು. ಅವಳ ನುಡಿ ಅಲ್ಲಿಯವರಿಗೆ ಅರ್ಧ ತಿಳಿಯುವದು, ಅರ್ಧ ನಗೆಗೀಡಾಗುವದು. ಯಾವ ಸಾಲಿನಲ್ಲಿ ನಿಲ್ಲಬೇಕು, ಯಾವ ಕಾಗದವನ್ನು ತೋರಿಸಬೇಕು ಎಂಬುದು ಅವಳಿಗೆ ಗೊತ್ತಿಲ್ಲ. ಒಂದು ದಿನದ ಕೂಲಿ ಹೋಯಿತು. ಮರಳುವ ದಾರಿಯಲ್ಲಿ ಆನೆಯ ಭಯ ಬೇರೆ. ವೈದ್ಯನು ನಿಪುಣನೇ ಇರಬಹುದು, ಔಷಧವು ಉತ್ತಮವೇ ಇರಬಹುದು. ಆದರೆ ಅಂಜಿದವಳು ಹೇಳಬೇಕಾದುದನ್ನು ಹೇಳಲಾರಳು; ಎರಡನೆಯ ಸಲ ಬರಲಾರಳು. ಅಭೀರುತ್ವವನ್ನು ಸೀಸೆಯಲ್ಲಿ ತುಂಬಿ ಕೊಡಲಾಗದು. ತನ್ನವರು ಇರುವ ಸ್ಥಳದಲ್ಲಿಯೇ ಅದು ಹುಟ್ಟುವದು.

ನಮ್ಮ ಯಂಕಂಚಿಯ ಸುತ್ತಲೂ ಕಣ್ಣು ಹರಿದಷ್ಟು ದೂರ ಎರಿಹೊಲ, ಜೋಳ, ತೊಗರಿ. ಕಾಡೆಂಬುದೇ ಇಲ್ಲದ ಈ ಸೀಮೆಯವನಿಗೆ ಕಾಡಿನ ಜನರ ಚಿಂತೆ ಏತಕ್ಕೆಂದು ಯಾರಾದರೂ ಕೇಳಿಯಾರು. ಅದಕ್ಕೆ ಉತ್ತರವನ್ನು ಕೊನೆಗೆ ಹೇಳುವೆನು. ಮೊದಲು ನಮ್ಮ ನಾಡಿನ ದಕ್ಷಿಣದ ಅಂಚಿಗೆ ಹೋಗೋಣ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ವಾಸಿಸುವರು. ಬೆಟ್ಟದ ರಂಗನಾಥನನ್ನು ಅವರು ತಮ್ಮ ಭಾವನೆಂದು ಕರೆಯುವರು. ತಮ್ಮ ಮನೆಯ ಹೆಣ್ಣನ್ನು ಆತನು ವರಿಸಿದನೆಂದು ಅವರ ಐತಿಹ್ಯ. ದೇವರೊಡನೆಯೂ ಬೀಗತನ ಬೆಳೆಸಿದ ಈ ಜನರು 1974ರಲ್ಲಿ ಆ ಬೆಟ್ಟವು ವನ್ಯಜೀವಿಧಾಮವಾದ ಬಳಿಕ ಬೇಟೆಯನ್ನೂ ಸ್ಥಳ ಬದಲಿಸುವ ಬೇಸಾಯವನ್ನೂ ಬಿಟ್ಟು ಪೋಡುಗಳೆಂಬ ಕೇರಿಗಳಲ್ಲಿ ನೆಲೆ ನಿಲ್ಲಬೇಕಾಯಿತು. ಅಲ್ಲಿಗೆ ಬಂದ ತರುಣ ವೈದ್ಯರಾದ ಡಾ. ಎಚ್. ಸುದರ್ಶನ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಚಿಕ್ಕ ಗುಡಿಸಲಿನಲ್ಲಿ ಆರಂಭವಾದ ಚಿಕಿತ್ಸೆಯು ಆಸ್ಪತ್ರೆಯಾಯಿತು. ಅದರ ಬದಿಯಲ್ಲಿಯೇ ಶಾಲೆ ಎದ್ದಿತು. ಆದರೆ ನನ್ನ ಬುದ್ಧಿಗೆ ಎಲ್ಲಕ್ಕಿಂತ ಹಿರಿದಾಗಿ ತೋರುವದು ಬೇರೊಂದು ಕೆಲಸ. ಸೋಲಿಗರ ಹೆಣ್ಣುಮಕ್ಕಳಿಗೇ ದಾದಿಯ ಶಿಕ್ಷಣವನ್ನು ಕೊಟ್ಟು ಅವರನ್ನು ತಮ್ಮ ಜನರ ಸೇವೆಗೆ ನಿಲ್ಲಿಸಿದರು. ಚರಕರು ಹೇಳಿದ ಮೂರನೆಯ ಪಾದವೂ ನಾಲ್ಕನೆಯ ಪಾದವೂ ಹೀಗೆ ಒಂದೇ ಮನೆತನದವಾದವು. ಬಸುರಿಯ ಹೊಟ್ಟೆಯನ್ನು ಮುಟ್ಟಿ ನೋಡುವ ಕೈ ಅವಳ ಅತ್ತಿಗೆಯದೋ ಸೋದರತ್ತೆಯ ಮಗಳದೋ ಆದಾಗ ಅಂಜಿಕೆ ಎಲ್ಲಿಯದು?

ಇನ್ನು ದ್ರವ್ಯದ ಮಾತು. ಚರಕರ ಗ್ರಂಥದಲ್ಲಿ ಈ ಶಬ್ದಕ್ಕೆ ಔಷಧವೆಂದು ಅರ್ಥ. ನಮ್ಮ ಮನೆಗಳಲ್ಲಿ ಹಣವೆಂದು ಅರ್ಥ. ಒಂದಿಲ್ಲದೆ ಇನ್ನೊಂದು ಬಾರದಾದ್ದರಿಂದ ಈ ಎರಡೂ ಅರ್ಥಗಳನ್ನು ಒಟ್ಟಿಗೆ ಇಟ್ಟುಕೊಳ್ಳುವದೇ ಲೇಸು. ದಾನಿಗಳ ಹಣವು ಮಳೆಯಂತೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸರಕಾರದ ಹಣವು ಕೆರೆಯ ನೀರಿನಂತೆ ಸಾಗಬೇಕು. ಆ ದಿಕ್ಕಿನಲ್ಲಿ ಒಂದು ಹೆಜ್ಜೆ 1996ರಲ್ಲಿ ಬಿದ್ದಿತು. ಬೆಟ್ಟದ ಬುಡದ ಯಳಂದೂರು ತಾಲೂಕಿನಲ್ಲಿರುವ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರಕಾರವು ಕರುಣಾ ಟ್ರಸ್ಟ್ ಎಂಬ ಸಂಸ್ಥೆಗೆ ನಡೆಸಲು ಒಪ್ಪಿಸಿತು. ಈ ಸಂಸ್ಥೆಯು ಕುಷ್ಠರೋಗ ನಿವಾರಣೆಗೆಂದು 1986ರಲ್ಲಿ ಅದೇ ತಾಲೂಕಿನಲ್ಲಿ ಹುಟ್ಟಿದ್ದಾಗಿತ್ತು. ಕಟ್ಟಡವೂ ವೇತನದ ಬಹುಭಾಗವೂ ಸರಕಾರದವು. ನಡೆಸುವ ಹೊಣೆ ಸಂಸ್ಥೆಯದು.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಸರಕಾರವು ಜನರಿಗಾಗಿ ನಡೆಸುವದು ಒಂದು ರೀತಿ. ಸಜ್ಜನರ ಸಂಸ್ಥೆಯು ಜನರಿಗಾಗಿ ನಡೆಸುವದು ಎರಡನೆಯ ರೀತಿ. ಜನರೇ ತಮಗಾಗಿ ನಡೆಸಿಕೊಳ್ಳುವದು ಮೂರನೆಯದು. ಎರಡನೆಯದು ಎಷ್ಟು ಉತ್ತಮವಾದರೂ ಮೂರನೆಯದಕ್ಕೆ ಸಾಟಿಯಾಗಲಾರದು. ಸಜ್ಜನರು ಮುಪ್ಪಾಗುವರು; ಜನವು ಉಳಿಯುವದು.

ಮೂರನೆಯ ರೀತಿಗೆ ಹತ್ತಿರವಾದ ನಿದರ್ಶನವನ್ನು ಕಾಣಬೇಕಾದರೆ ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿ ನೀಲಗಿರಿ ಜಿಲ್ಲೆಯ ಗೂಡಲೂರಿಗೆ ಹೋಗಬೇಕು. ಅಲ್ಲಿ ಪಣಿಯರು, ಬೆಟ್ಟಕುರುಂಬರು, ಮುಳ್ಳುಕುರುಂಬರು, ಕಾಟುನಾಯಕರು ಮೊದಲಾದವರು ತಮ್ಮ ಭೂಮಿಯ ಹಕ್ಕಿಗಾಗಿ 1988ರಲ್ಲಿ ಆದಿವಾಸಿ ಮುನ್ನೇತ್ರ ಸಂಗಮವೆಂಬ ಸಂಘವನ್ನು ಕಟ್ಟಿಕೊಂಡರು. 1990ರಲ್ಲಿ ಅಶ್ವಿನಿ ಎಂಬ ಆರೋಗ್ಯ ಸಂಸ್ಥೆ ಹುಟ್ಟಿತು. ಹೆಸರು ದೇವವೈದ್ಯರನ್ನು ನೆನಪಿಗೆ ತರುವಂಥದು. ಅದರ ಆಸ್ಪತ್ರೆಯಲ್ಲಿ ದಾದಿಯರು ಆದಿವಾಸಿ ಹೆಣ್ಣುಮಕ್ಕಳು. ಹಳ್ಳಿಹಳ್ಳಿಗೆ ಹೋಗಿ ಬರುವ ಕಾರ್ಯಕರ್ತರೂ ಅವರೇ. ಆಡಳಿತವೂ ಕ್ರಮಕ್ರಮವಾಗಿ ಅವರ ಕೈಗೆ ಬಂದಿತು. ಸಂಘದ ಸದಸ್ಯರಿಗಾಗಿ 1992ರಲ್ಲಿಯೇ ಆರೋಗ್ಯ ವಿಮೆಯನ್ನು ಏರ್ಪಡಿಸಿದರು.

ಜನರೇ ನಡೆಸುವದು ಏಕೆ ಅವಶ್ಯವೆಂಬುದನ್ನು ಒಂದು ರೋಗವೇ ತೋರಿಸಿಕೊಡುವದು. ದುಂಡಗಿರಬೇಕಾದ ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಸಹಿಸಲಾರದ ನೋವನ್ನೂ ರಕ್ತಹೀನತೆಯನ್ನೂ ಉಂಟುಮಾಡುವ ಈ ರೋಗಕ್ಕೆ ಸಿಕಲ್ ಸೆಲ್ ಎಂದು ಹೆಸರು. ತಂದೆತಾಯಿಗಳಿಬ್ಬರಿಂದಲೂ ಆ ದೋಷವು ಬಂದಾಗ ಮಗುವಿಗೆ ರೋಗವಾಗುವದು. ಒಬ್ಬರಿಂದ ಮಾತ್ರ ಬಂದರೆ ಮಗುವು ಬಹುತೇಕ ಆರೋಗ್ಯವಾಗಿಯೇ ಬೆಳೆಯುವದು, ಆದರೆ ದೋಷವನ್ನು ಮುಂದಿನ ಪೀಳಿಗೆಗೆ ದಾಟಿಸಬಲ್ಲದು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಗಿರಿಜನರಲ್ಲಿ. ಸೋಲಿಗರಲ್ಲಿಯೂ ಇದು ಕಂಡುಬಂದಿದೆ. ಕೇಂದ್ರ ಸರಕಾರವು 2023ರ ಜುಲೈ 1ರಂದು ಇದರ ನಿರ್ಮೂಲನೆಗಾಗಿ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿ, 7 ಕೋಟಿ ಜನರ ರಕ್ತಪರೀಕ್ಷೆಯನ್ನೂ 2047ರ ಅವಧಿಯನ್ನೂ ಗುರಿಯಾಗಿಟ್ಟಿದೆ. ಇದು ಶ್ಲಾಘ್ಯವೇ ಸರಿ. ಆದರೆ ಒಂದು ದಿನದ ಶಿಬಿರದಲ್ಲಿ ರಕ್ತವನ್ನು ಪರೀಕ್ಷಿಸಿ ಚೀಟಿಯನ್ನು ಕೈಗಿತ್ತ ಮಾತ್ರಕ್ಕೆ ಕೆಲಸವು ತೀರಲಿಲ್ಲ. ಅಂದಿನಿಂದಲೇ ಅದು ಮೊದಲಾಯಿತು. ರೋಗಿಯು ಜೀವಮಾನವಿಡೀ ಗುಳಿಗೆ ನುಂಗಬೇಕು. ಚಳಿ, ಬಾಯಾರಿಕೆ, ಸೋಂಕುಗಳಿಂದ ತನ್ನನ್ನು ಕಾಯ್ದುಕೊಳ್ಳಬೇಕು. ನಡುರಾತ್ರಿ ನೋವು ಬಂದರೆ ಎಲ್ಲಿಗೆ ಹೋಗಬೇಕೆಂಬುದು ಅವನಿಗೆ ಗೊತ್ತಿರಬೇಕು. ಮದುವೆಯ ವಿಷಯದಲ್ಲಿ ಎರಡು ಮನೆಗಳವರ ಮುಂದೆ ಕುಳಿತು ಈ ದೋಷದ ಮಾತನ್ನು ನಾಜೂಕಾಗಿ ಆಡುವವರು ಹೊರಗಿನ ಅಧಿಕಾರಿಗಳೇ? ಆ ಮಾತನ್ನು ಹೊಟ್ಟೆಯವರೇ ಆಡಬೇಕು.

ರೋಗವು ಆಜೀವ, ಅನುದಾನವು ವಾರ್ಷಿಕ. ಗಿರಿಜನರ ಆರೋಗ್ಯದ ಸಂಕಟವೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ. ಸರಕಾರವು ಹಣವನ್ನೇ ಕೊಡುವದಿಲ್ಲವೆಂದು ನಾನು ಹೇಳಲಾರೆ. ಸಾಮಾನ್ಯ ಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಎಂಬ ನಿಯಮವಿದೆ. ಗಿರಿಜನ ಉಪಯೋಜನೆಯು ಐದನೆಯ ಪಂಚವಾರ್ಷಿಕ ಯೋಜನೆಯ ಕಾಲದಿಂದ ಬಂದದ್ದು. ಕರ್ನಾಟಕವು 2013ರಲ್ಲಿ ಅದಕ್ಕೆ ಕಾಯಿದೆಯ ಬಲವನ್ನು ಕೊಟ್ಟಿತು. ಆದರೆ 2011ರ ಜನಗಣತಿಯಂತೆ ನಮ್ಮ ರಾಜ್ಯದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 42 ಲಕ್ಷಕ್ಕೆ ಮಿಕ್ಕಿದ್ದು, ಅವರಲ್ಲಿ ಸೋಲಿಗರು 30,000ಕ್ಕೆ ಸ್ವಲ್ಪ ಹೆಚ್ಚು ಮಾತ್ರ. ದೊಡ್ಡ ಪಂಕ್ತಿಯಲ್ಲಿ ಕೊನೆಗೆ ಕುಳಿತವರ ಎಲೆಗೆ ಎಷ್ಟು ಬಿದ್ದೀತೆಂಬುದು ಗೃಹಸ್ಥರಿಗೆ ಹೇಳಬೇಕಾದ ಮಾತಲ್ಲ. ಸಂಸ್ಥೆಗಳಿಗೆ ಬರುವ ಅನುದಾನಕ್ಕೆ ವರ್ಷವರ್ಷವೂ ಅರ್ಜಿ, ಶಿಫಾರಸು, ಮಂಜೂರಿ. ಹಣ ಬರುವದು ತಡವಾದರೆ ದಾದಿಯ ಮನೆಯ ಒಲೆಯೂ ಆರುವದು.

ಈ ಪ್ರಶ್ನೆಯು ನಮ್ಮ ದೇಶದ್ದು ಮಾತ್ರವಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳು 1971ರಲ್ಲಿ ಸಿಡ್ನಿ ನಗರದ ರೆಡ್‌ಫರ್ನ್ ಎಂಬ ಬಡಕೇರಿಯಲ್ಲಿ, ಒಂದು ಅಂಗಡಿಯ ಮಳಿಗೆಯಲ್ಲಿ, ತಮ್ಮದೇ ಆಡಳಿತದ ಚಿಕಿತ್ಸಾಲಯವನ್ನು ತೆರೆದರು. ಮೊದಮೊದಲು ವೈದ್ಯರು ವೇತನವಿಲ್ಲದೆ ಬಂದು ಹೋಗುತ್ತಿದ್ದರು. ಮುಂದೆ ಸರಕಾರದ ಅನುದಾನ ಬರಹತ್ತಿತು. ಇಂದು ಆ ದೇಶದಲ್ಲಿ ಇಂಥ ಸಂಸ್ಥೆಗಳು 140ಕ್ಕೂ ಮಿಕ್ಕಿವೆ. ಆಯಾ ಊರಿನ ಮೂಲನಿವಾಸಿಗಳು ಆರಿಸಿದ ಮಂಡಲಿಯೇ ಆಡಳಿತವನ್ನು ನಡೆಸುವದು. ಹಣದ ಬಹುಭಾಗವು ಸರಕಾರದ್ದು. 1995ರಲ್ಲಿ ಈ ಅನುದಾನದ ಹೊಣೆಯು ಮೂಲನಿವಾಸಿಗಳ ಆಯೋಗದಿಂದ ಆರೋಗ್ಯ ಇಲಾಖೆಗೆ ವರ್ಗವಾಯಿತು. ಜನರ ಆರೋಗ್ಯವು ಅಲ್ಲಿಯ ಆರೋಗ್ಯ ಇಲಾಖೆಯದೇ ಕೆಲಸವೆಂದು ಒಪ್ಪಿದಂತಾಯಿತು. ಅಲ್ಲಿಯೂ ಎಲ್ಲವೂ ಸುಗಮವಲ್ಲ. ಒಂದೊಂದು ಸಂಸ್ಥೆಯು ಹಲವು ಕಡೆಯಿಂದ ಬಿಡಿಬಿಡಿಯಾಗಿ, ಅಲ್ಪಾವಧಿಗೆ ಹಣ ಪಡೆದು, ಪ್ರತಿಯೊಂದಕ್ಕೂ ಬೇರೆ ಬೇರೆ ವರದಿ ಬರೆಯುವದರಲ್ಲಿಯೇ ದಣಿಯುತ್ತದೆಂದು 2009ರ ಒಂದು ಅಧ್ಯಯನವು ತೋರಿಸಿತು. 2020ರಲ್ಲಿ ಸರಕಾರಗಳು ಮೂಲನಿವಾಸಿಗಳ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು, ಇಂಥ ಸಂಸ್ಥೆಗಳನ್ನು ಬಲಪಡಿಸುವೆವೆಂದು ಮಾತುಕೊಟ್ಟವು. ಆದರೂ ಅಲ್ಲಿಯ ಮೂಲನಿವಾಸಿಗಳ ಆಯುರ್ಮಾನವು ಉಳಿದವರಿಗಿಂತ ಸುಮಾರು 8 ವರ್ಷ ಕಡಿಮೆಯೇ ಇದೆ. ಐವತ್ತು ವರ್ಷಗಳ ಕೆಲಸವಾದ ಮೇಲೆಯೂ ಇಷ್ಟು ಅಂತರ ಉಳಿದಿರುವಾಗ, ನಾಲ್ಕು ಶಿಬಿರಗಳನ್ನು ನಡೆಸಿ ನಾವು ತೃಪ್ತರಾಗುವದು ಯಾವ ನ್ಯಾಯ?

ಜನರ ಕೈಗೆ ಹಣ ಕೊಟ್ಟರೆ ದುರುಪಯೋಗವಾಗದೇ ಎಂದು ಕೆಲವರು ಶಂಕಿಸುವರು. ಶಂಕೆಯು ಅಯೋಗ್ಯವಲ್ಲ. ಆದರೆ ಲೆಕ್ಕವನ್ನು ದೂರದ ಕಚೇರಿಗೆ ಮಾತ್ರ ಒಪ್ಪಿಸುವದಕ್ಕಿಂತ ಊರ ಸಭೆಯಲ್ಲಿ ಓದಿ ಹೇಳುವದು ಹೆಚ್ಚಿನ ಕಾವಲು. ಬಿಳಿಗಿರಿಯ 25 ಗ್ರಾಮಸಭೆಗಳಿಗೆ 2011ರಲ್ಲಿ ಅರಣ್ಯದ ಸಾಮುದಾಯಿಕ ಹಕ್ಕುಗಳನ್ನು ಕಾಯಿದೆಯಂತೆ ಮನ್ನಿಸಲಾಯಿತು. ಕಾಡಿನ ಹಕ್ಕನ್ನು ವಹಿಸಬಲ್ಲ ಸಭೆಯು ಔಷಧದ ಲೆಕ್ಕವನ್ನು ವಹಿಸಲಾರದೆಂದು ಹೇಳುವದು ಹ್ಯಾಗೆ?

ಇನ್ನು ಮೊದಲು ಮುಂದೂಡಿದ ಉತ್ತರ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆರಂಭವಾದ ಬಳಿಕ ಹಳ್ಳಿಹಳ್ಳಿಗೂ ಒಂದು ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯಾಯಿತು. ವರ್ಷಕ್ಕೆ 10,000 ರೂಪಾಯಿಗಳ ಮುಕ್ತನಿಧಿಯನ್ನು ಊರವರೇ ತಮ್ಮ ಅವಶ್ಯಕತೆಯಂತೆ ವೆಚ್ಚ ಮಾಡಬೇಕೆಂಬುದು ಉದ್ದೇಶ. ನಾನು ಶಿಕ್ಷಕನಾಗಿದ್ದ ಒಂದು ಊರಿನಲ್ಲಿ ಇಂಥ ಸಭೆಗೆ ನನ್ನನ್ನೂ ಕರೆದಿದ್ದರು. ಮಾರ್ಚ್ ತಿಂಗಳು ಮುಗಿಯಲು ನಾಲ್ಕೇ ದಿನ. ಹಣವು ಆಗಲೇ ಕೈಸೇರಿತ್ತು. ತಿಂಗಳೊಳಗೆ ಖರ್ಚು ತೋರಿಸಬೇಕಾಗಿತ್ತು. ಬಾಗಿಲ ಬಳಿ ಕುಳಿತಿದ್ದ ಮುದುಕಿಯೊಬ್ಬಳು, “ಬೋರಿನ ಬಾಜೂಕ ಗಟಾರದ ನೀರ ನಿಂತಾವ್ರಿ ಮಾಸ್ತರ, ಅದನ್ನ ಮೊದಲ ನೋಡ್ರಿ” ಎಂದಳು. ಗಟಾರವನ್ನು ತಿರುವಿಸಲು ಎಂಟು ದಿನಗಳಾದರೂ ಬೇಕು. ಚೀಲಗಟ್ಟಲೆ ಬ್ಲೀಚಿಂಗ್ ಪುಡಿಯನ್ನು ತರಿಸಲು ಒಂದು ತಾಸು ಸಾಕು. ಪುಡಿಯೇ ಬಂದಿತು. ಕಾಗದದ ಮೇಲೆ ಬಿದ್ದ ಸಹಿಗಳಲ್ಲಿ ನನ್ನದೂ ಒಂದು. ಆ ಮಳೆಗಾಲದಲ್ಲಿ ಆ ಓಣಿಯ ಮಕ್ಕಳಿಗೆ ವಾಂತಿಭೇದಿಯಾಯಿತು. ಹಾಜರಿಪುಸ್ತಕದಲ್ಲಿ ಅವರ ಗೈರುಹಾಜರಿಯನ್ನು ಬರೆದವನೂ ನಾನೇ. ಮುದುಕಿಗೆ ಅಭೀರುತ್ವವಿತ್ತು, ಜ್ಞಾಪಕತ್ವವೂ ಇತ್ತು. ಆ ನಾಲ್ಕನೆಯ ಪಾದವನ್ನು ನಾವೇ ಲೆಕ್ಕಕ್ಕೆ ಹಿಡಿಯಲಿಲ್ಲ.

ಆದ್ದರಿಂದ ಕಾಡಿನವರ ಪ್ರಶ್ನೆಯು ಬಯಲಿನವರದೂ ಆಗಿರುತ್ತದೆ. ಅವರಿಗೆ ನಾವು ಕೊಡಬೇಕಾದದ್ದು ಕನಿಕರವಲ್ಲ. ಹಣವು ವೇಳೆಗೆ ಸರಿಯಾಗಿ, ಹಲವು ವರ್ಷಗಳ ಭರವಸೆಯೊಡನೆ, ಅವರು ಆರಿಸಿದವರ ಕೈಗೆ ಸೇರಲೆಂದು ಅವರೊಡನೆ ಕೂಡಿ ಕೇಳುವದೇ ನಮ್ಮ ಕರ್ತವ್ಯ. ವಾಚಕರಲ್ಲಿ ನನ್ನ ವಿನಂತಿ ಇಷ್ಟೇ. ತಮ್ಮ ಊರಿನ ಸಮಿತಿಯ ಸಭೆಗೆ ಈ ತಿಂಗಳು ಹೋಗಬೇಕು. ಹಣವು ಯಾವಾಗ ಬಂದಿತು, ಯಾರನ್ನು ಕೇಳಿ ವೆಚ್ಚವಾಯಿತು ಎಂದು ವಿಚಾರಿಸಬೇಕು. ಬಾಗಿಲ ಬಳಿ ಕುಳಿತವರ ಮಾತನ್ನು ಮೊದಲು ಬರೆದುಕೊಳ್ಳಬೇಕು.